ಸೈಕಲ್ ಬಂತು, ಪಾನಾ ಬರಲಿಲ್ಲ

ಅರಕೇರಾದಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ದೊಡ್ಡಿಯಲ್ಲಿ ನಮ್ಮಕ್ಕನ ಮನೆ ಇದೆ. ಹೋದ ಯುಗಾದಿಗೆ ಅಲ್ಲಿಗೆ ಹೋದಾಗ ಅಂಗಳದ ಗೋಡೆಗೆ ಒಂದು ಲೇಡೀಸ್ ಸೈಕಲ್ ಒರಗಿಸಿಟ್ಟಿದ್ದರು. ಕ್ಯಾರಿಯರ್ ಮೇಲೆ ಕೋಳಿ ಕೂತಿತ್ತು. ಹ್ಯಾಂಡಲ್ ಮೇಲೆ ಒದ್ದೆ ಟವಲ್ ಒಣಗುತ್ತಿತ್ತು. ಮುಂದಿನ ಬುಟ್ಟಿಯಲ್ಲಿ ಸೌತೆ ಬೀಜದ ಪೊಟ್ಟಣ.

"ಇದ್ಯಾಕ ಹಿಂಗ ನಿಂತೈತಿ?" ಎಂದು ಅಕ್ಕನ ಮಗಳನ್ನು ಕೇಳಿದೆ.

"ಕೆಟ್ಟೈತಿ ಚಿಗವ್ವ."

"ಏನು ಕೆಟ್ಟೈತಿ?"

"ಗೊತ್ತಿಲ್ಲ. ಗಾಳಿ ಹಾಕಿದ್ರ ನಿಲ್ಲಂಗಿಲ್ಲ."

ಎಷ್ಟು ದಿನ ಆಯಿತು ಎಂದರೆ, ದೀಪಾವಳಿ ಮುಂದ ಕೆಟ್ಟಿದ್ದು ಎಂದಳು. ಹುಡುಗಿ ಹತ್ತನೇ ತರಗತಿ. ದೀಪಾವಳಿಯಿಂದ ಯುಗಾದಿಯವರೆಗೆ ಹೋಗಲು ನಾಲ್ಕು, ಬರಲು ನಾಲ್ಕು ಕಿಲೋಮೀಟರ್ ನಡೆದಿದ್ದಾಳೆ. ಮೊದಲ ಪೀರಿಯಡ್ ಗಣಿತ, ಅದು ಎಷ್ಟೋ ಸಲ ತಪ್ಪಿದೆ. ಸಂಜೆಯ ಸ್ಪೆಷಲ್ ಕ್ಲಾಸಿಗೆ ಕತ್ತಲಾಗುತ್ತದೆ ಎಂದು ಮನೆಯಲ್ಲಿ ಬಿಡಿಸಿದ್ದಾರೆ. "ಈ ವರ್ಷ ಹೆಂಗರ ಮುಗೀಲಿ, ಮುಂದ ನೋಡೂಣು" ಎಂದು ಭಾವ ಹೇಳಿದರು. ಆ 'ಮುಂದ ನೋಡೂಣು' ಎನ್ನುವ ಮಾತಿನ ಅರ್ಥ ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿದೆ.

ಸೈಕಲ್ಲಿಗೆ ಏನಾಗಿದೆ ಎಂದು ನೋಡಲು ನನಗೂ ಬರಲಿಲ್ಲ. ಪತ್ರಿಕೋದ್ಯಮ ಓದಿದವಳು, ಹಳ್ಳಿಯ ಬಗ್ಗೆ ಬರೆಯುವವಳು, ಸೈಕಲ್ ಮುಂದೆ ಸುಮ್ಮನೆ ನಿಂತೆ. ಕೊನೆಗೆ ಅದನ್ನು ಉರುಳಿಸಿಕೊಂಡು ಅರಕೇರಾಕ್ಕೆ ಹೋಗಿ, ಹಿಂದೆ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಒಬ್ಬ ತಾತನ ಮನೆ ಮುಂದೆ ನಿಲ್ಲಿಸಿದೆವು. ತಾತ ಗಾಳಿ ಹಾಕುವ ಮೂತಿಗೆ ಒಂದು ಹನಿ ನೀರು ಬಿಟ್ಟರು. ಗುಳ್ಳೆ ಎದ್ದಿತು. ನಟ್ಟು ಬಿಚ್ಚಿ ಒಳಗಿನ ಕಡ್ಡಿ ಹೊರಗೆ ತೆಗೆದರು. ಅದರ ಮೇಲಿನ ಸಣ್ಣ ರಬ್ಬರ್ ಕೊಳವೆ, ಅದಕ್ಕೆ ವಾಲ್ ಟ್ಯೂಬ್ ಎನ್ನುತ್ತಾರೆ, ಬಿಸಿಲಿಗೆ ಸೀಳಿಹೋಗಿತ್ತು. ಹೊಸದನ್ನು ಬೆರಳುದ್ದ ಕತ್ತರಿಸಿ ಏರಿಸಿದರು, ಗಾಳಿ ಹೊಡೆದರು. ಐದು ನಿಮಿಷವೂ ಹಿಡಿಯಲಿಲ್ಲ. ಅದರ ಬೆಲೆ ಒಂದು ಕಪ್ ಚಹಾಕ್ಕಿಂತ ಕಡಿಮೆ.

ಅಷ್ಟಕ್ಕೇ ಒಂದು ಹುಡುಗಿ ಐದು ತಿಂಗಳು ನಡೆದಿದ್ದಳು.

ಈ ಲೇಖನ ಆ ಐದು ತಿಂಗಳ ಬಗ್ಗೆ. ಸೈಕಲ್ ರಿಪೇರಿಯ ಮೊದಲ ಪಾಠವನ್ನು ನಮ್ಮ ಹೈಸ್ಕೂಲುಗಳಲ್ಲಿ ಪ್ರತಿ ಮಗುವಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಲಿಸಲೇಬೇಕು ಎಂಬುದು ನನ್ನ ವಾದ.

ಸೈಕಲ್ ಯಾಕೆ ಇಷ್ಟು ಮುಖ್ಯ?

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಮೊದಲು ಹೆಣ್ಣುಮಕ್ಕಳಿಗೆ, ಮುಂದಿನ ವರ್ಷದಿಂದ ಗಂಡುಮಕ್ಕಳಿಗೂ ಸಿಕ್ಕಿತು. ದೇವದುರ್ಗದ ಕಡೆ ದೊಡ್ಡಿ, ತಾಂಡಾಗಳು ಬಹಳ. ಪ್ರಾಥಮಿಕ ಶಾಲೆ ಹತ್ತಿರದಲ್ಲೇ ಇರುತ್ತದೆ, ಹೈಸ್ಕೂಲು ಮಾತ್ರ ದೊಡ್ಡ ಊರಿಗೆ ಹೋಗಬೇಕು. ಏಳನೇ ತರಗತಿ ಮುಗಿದ ಮೇಲೆ ಮಕ್ಕಳು, ಅದರಲ್ಲೂ ಹುಡುಗಿಯರು, ಶಾಲೆ ಬಿಡುವುದು ಈ ನಡುದಾರಿಯಲ್ಲೇ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 50ನ್ನು ಮುಟ್ಟಿರಲಿಲ್ಲ ಎನ್ನುವುದನ್ನು ಮರೆಯಬೇಡಿ.

ಇದು ಬರೀ ಅನಿಸಿಕೆಯಲ್ಲ. 2006ರಲ್ಲೇ ಬಿಹಾರದಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಂಡುಕೊಳ್ಳಲು ಹಣ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದರು. ಸರಿಯಾದ ವಯಸ್ಸಿನಲ್ಲಿ ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆ ಶೇ. 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಹೆಚ್ಚು ಲಾಭವಾದದ್ದು ಹೈಸ್ಕೂಲಿನಿಂದ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಿಗೆ. ಅಂದರೆ ನಮ್ಮ ದೊಡ್ಡಿಗಳಂಥ ಊರುಗಳಿಗೆ.

ನಮ್ಮಲ್ಲಿ ಕೊರೊನಾ ಬಂದ ಮೇಲೆ ಸೈಕಲ್ ಹಂಚುವುದು ನಿಂತಿತು. ಆಮೇಲೆ ಹಲವು ವರ್ಷ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಸೈಕಲ್ ಸಿಗಲಿಲ್ಲ. ಅಕ್ಕನ ಮನೆಯ ಸೈಕಲ್ಲೂ ಈ ಹುಡುಗಿಯದಲ್ಲ, 2019-20ರಲ್ಲಿ ಅವಳ ಅಕ್ಕನಿಗೆ ಬಂದದ್ದು. ಅಕ್ಕನ ಮದುವೆಯಾಯಿತು, ಸೈಕಲ್ ತಂಗಿಗೆ ಉಳಿಯಿತು. ಹೊಸದು ಬರದ ಕಾಲದಲ್ಲಿ ಇದ್ದ ಹಳೆಯದನ್ನು ಉಳಿಸಿಕೊಳ್ಳುವುದೇ ದಾರಿ.

ವಿದ್ಯೆ ಎಲ್ಲಿ ಉಳಿಯಿತು?

ಒಂದು ಕಾಲದಲ್ಲಿ ಪ್ರತಿ ದೊಡ್ಡ ಊರಲ್ಲೂ ಬಾಡಿಗೆ ಸೈಕಲ್ ಅಂಗಡಿ ಇತ್ತು. ತಾಸಿಗೆ ಇಷ್ಟು ಎಂದು ಕೊಟ್ಟು ಹುಡುಗರು ಸೈಕಲ್ ಒಯ್ಯುತ್ತಿದ್ದರು. ಉಳಿದ ಹೊತ್ತು ಅಂಗಡಿ ಮುಂದೆ ಕೂತು ಪಂಕ್ಚರ್ ಹಾಕುವುದನ್ನು ನೋಡುತ್ತಿದ್ದರು. ಪಾನಾ ಎತ್ತಿಕೊಡು, ನೀರು ತಾ ಎಂದು ಹೇಳಿಸಿಕೊಂಡು ಕಲಿಯುತ್ತಿದ್ದರು. ಯಾರೂ ಪಾಠ ಮಾಡಲಿಲ್ಲ, ಆದರೂ ಕಲಿತರು.

ಆ ಅಂಗಡಿ ಮುಂದೆ ಹುಡುಗಿಯರು ಕೂರಲಿಲ್ಲ. ಕೂರಲು ಬಿಡಲೂ ಇಲ್ಲ. ಸರ್ಕಾರ ಹೆಣ್ಣುಮಕ್ಕಳ ಕೈಗೆ ಸೈಕಲ್ ಕೊಟ್ಟಿತು, ಆದರೆ ಅದನ್ನು ಸರಿಮಾಡುವ ವಿದ್ಯೆ ಹುಡುಗರು ಕೂರುವ ಕಟ್ಟೆಯಲ್ಲೇ ಉಳಿಯಿತು. ಈಗ ಆ ಕಟ್ಟೆಯೂ ಇಲ್ಲ. ಬಾಡಿಗೆ ಸೈಕಲ್ ಅಂಗಡಿಗಳು ಮುಚ್ಚಿದವು, ಇರುವವು ಬೈಕ್ ಗ್ಯಾರೇಜು. ಅಲ್ಲಿಗೆ ಸೈಕಲ್ ಒಯ್ದರೆ "ನಾಳೆ ಬಾ" ಎನ್ನುತ್ತಾರೆ. ಹುಡುಗಿ ಎರಡು ಸಲ ಹೋಗಿ ಬರುತ್ತಾಳೆ. ಮೂರನೇ ಸಲ ಸೈಕಲ್ ಅಂಗಳದ ಗೋಡೆಗೆ ಒರಗುತ್ತದೆ, ಕೋಳಿ ಬಂದು ಕೂರುತ್ತದೆ.

ಮೊದಲು ಕಲಿಯಬೇಕಾದ ಐದು ಕೆಲಸ

ಆ ತಾತನ ಮುಂದೆ ಕೂತು ಅಕ್ಕನ ಮಗಳೂ ನಾನೂ ಮೂರು ಭಾನುವಾರ ಕಲಿತೆವು. ಸೈಕಲ್ ಎಂಬ ಯಂತ್ರದಲ್ಲಿ ಮುಚ್ಚಿಟ್ಟದ್ದು ಬಹಳ ಕಡಿಮೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಹಾಕಿದ 'ರೋವರ್' ಸೈಕಲ್ ಮಾಡಿದ. ಅದೇ ದಶಕದಲ್ಲಿ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬುವ ಟೈರು ಮಾಡಿದ. ನಮ್ಮ ಅಂಗಳದಲ್ಲಿ ನಿಂತಿರುವುದು ಹೆಚ್ಚುಕಡಿಮೆ ಅದೇ ಯಂತ್ರ. ಒಮ್ಮೆ ಕಲಿತರೆ ಜೀವಮಾನಕ್ಕೆ ಸಾಕು.

1. ಗಾಳಿ. ಹೆಬ್ಬೆರಳಿನಿಂದ ಟೈರಿನ ಪಕ್ಕ ಒತ್ತಿ ನೋಡಿ. ಸುಲಭವಾಗಿ ಒಳಗೆ ಹೋದರೆ ಗಾಳಿ ಕಡಿಮೆ. ಸೈಕಲ್ ಮೇಲೆ ಕೂತಾಗ ಟೈರು ಚಪ್ಪಟೆಯಾಗಬಾರದು. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಕಲ್ಲಿನ ಮೇಲೆ ಹಾಯುವಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬು ಹರಿಯುತ್ತದೆ. ಗಾಳಿ ನಿಲ್ಲದಿದ್ದರೆ ಪಂಕ್ಚರ್ ಎನ್ನುವ ಮೊದಲು ಮೂತಿಗೆ ನೀರು ಹಾಕಿ. ಗುಳ್ಳೆ ಬಂದರೆ ಮೊದಲು ನಟ್ಟು ಬಿಗಿ ಮಾಡಿ. ಆಗಲೂ ಬಂದರೆ ವಾಲ್ ಟ್ಯೂಬ್ ಬದಲಿಸಿ. ನಮ್ಮ ಬಿಸಿಲಿಗೆ ಆ ರಬ್ಬರ್ ಬೇಗ ಸೀಳುತ್ತದೆ. ಸೈಕಲ್ಲನ್ನು ಬೇವಿನ ನೆರಳಲ್ಲಿ ನಿಲ್ಲಿಸುವುದೂ ಒಂದು ರಿಪೇರಿಯೇ.

2. ಪಂಕ್ಚರ್. ಸೈಕಲ್ ತಲೆಕೆಳಗು ಮಾಡಿ. ಚಕ್ರ ಬಿಚ್ಚಬೇಕಾಗಿಲ್ಲ. ಉಳಿದ ಗಾಳಿ ಬಿಟ್ಟು, ಮೂತಿಯ ನಟ್ಟು ತೆಗೆದು, ಟೈರಿನ ಒಂದು ಬದಿ ಮಾತ್ರ ರಿಮ್ಮಿನಿಂದ ಎಬ್ಬಿಸಿ. ಟೈರ್ ಲಿವರ್ ಇಲ್ಲದಿದ್ದರೆ ಚಮಚದ ನುಣುಪಾದ ಹಿಡಿ ಸಾಕು. ಸ್ಕ್ರೂಡ್ರೈವರ್ ಬೇಡ, ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ಮಾಡುತ್ತೀರಿ. ಟ್ಯೂಬು ಹೊರಗೆಳೆದು, ಸ್ವಲ್ಪ ಗಾಳಿ ಹಾಕಿ, ಬುಟ್ಟಿ ನೀರಿನಲ್ಲಿ ಅಷ್ಟಷ್ಟೇ ಮುಳುಗಿಸುತ್ತ ಹೋಗಿ. ಗುಳ್ಳೆ ಬಂದಲ್ಲಿ ಪೆನ್ನಿನಿಂದ ಗುರುತು ಮಾಡಿ. ನೀರನ್ನು ಪೂರ್ತಿ ಒರೆಸಿ, ಗಾಳಿ ಬಿಟ್ಟು, ಒರಟು ಕಾಗದದಿಂದ ಆ ಜಾಗ ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಲಿ, ಆಮೇಲೆ ಪ್ಯಾಚ್ ಇಟ್ಟು ಗಟ್ಟಿಯಾಗಿ ಒತ್ತಿ.

ಇನ್ನು ಟ್ಯೂಬು ಒಳಗೆ ಹಾಕುವ ಮೊದಲು ಮರೆಯಬಾರದ ಕೆಲಸ: ಮುಳ್ಳು ಹುಡುಕಿ. ನಮ್ಮ ಕಡೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಒಳಗೇ ಮುರಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹಳೆಯ ಬಟ್ಟೆಯೊಂದನ್ನು ಟೈರಿನ ಒಳಗೆ ಸುತ್ತಲೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುಳ್ಳಿದೆ, ತೆಗೆಯಿರಿ. ಇದನ್ನು ಮಾಡದವರು ಹಾಕಿದ ಪಂಕ್ಚರ್ ಮರುದಿನ ಮತ್ತೆ ಆಗುತ್ತದೆ. ಆಮೇಲೆ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ ಒಳಗೆ ಕೂಡಿಸಿ, ಟೈರನ್ನು ಕೈಯಿಂದಲೇ ಒಳಗೆ ಒತ್ತಿ. ಟ್ಯೂಬು ಎಲ್ಲೂ ಹೊರಗೆ ಇಣುಕಬಾರದು.

3. ಬ್ರೇಕು. ಕಾಲುವೆ ನೀರು ಬಂದ ಮೇಲೆ ನಮ್ಮ ರಸ್ತೆಗಳಲ್ಲಿ ಭತ್ತ, ಹತ್ತಿ ಹೊತ್ತ ಟ್ರ್ಯಾಕ್ಟರುಗಳ ಓಡಾಟ ಜೋರು. ಆದ್ದರಿಂದ ಬ್ರೇಕಿನಲ್ಲಿ ಸೋಮಾರಿತನ ಸಲ್ಲದು. ಸೈಕಲ್ ತಳ್ಳುತ್ತ ಒಂದೊಂದೇ ಬ್ರೇಕ್ ಹಿಡಿಯಿರಿ, ಆ ಚಕ್ರ ನಿಲ್ಲಬೇಕು. ರಬ್ಬರ್ ರಿಮ್ಮಿಗೆ ತಾಗಬೇಕು, ಟೈರಿಗೆ ತಾಗಬಾರದು. ರಬ್ಬರ್ ಸವೆದು ಕಬ್ಬಿಣ ಉಜ್ಜುವ ಸದ್ದು ಬಂದರೆ ಆ ದಿನವೇ ಬದಲಿಸಿ. ಹಿಡಿ ಹ್ಯಾಂಡಲಿನ ತನಕ ಬಂದರೂ ಬ್ರೇಕ್ ಹಿಡಿಯದಿದ್ದರೆ ತಂತಿಯ ನಟ್ಟು ಸಡಿಲಿಸಿ, ತಂತಿ ಸ್ವಲ್ಪ ಎಳೆದು, ಮತ್ತೆ ಬಿಗಿ ಮಾಡಿ. ಸರಳಿನ ಬ್ರೇಕಾದರೆ ಸರಳು ಸೇರುವಲ್ಲಿನ ನಟ್ಟಿನಲ್ಲೇ ಇದೇ ಕೆಲಸ. ರಿಮ್ಮಿಗೆ ಎಣ್ಣೆ ತಾಗಿಸಲೇಬೇಡಿ.

4. ಚೈನು. ಮೊದಲು ಒರೆಸಿ, ಆಮೇಲೆ ಎಣ್ಣೆ. ಎರೆಮಣ್ಣಿನ ಧೂಳಿನ ಮೇಲೆಯೇ ಎಣ್ಣೆ ಹಾಕಿದರೆ ಅದು ಅರಗಲ್ಲಿನ ಹಾಗೆ ಚೈನನ್ನು ತಿನ್ನುತ್ತದೆ. ಡೀಸೆಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದ ಎಣ್ಣೆ ಒರೆಸಿಬಿಡಿ. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ. ಟ್ರ್ಯಾಕ್ಟರಿನ ಸುಟ್ಟ ಎಣ್ಣೆಯೂ ಬೇಡ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಚೈನು ಪದೇ ಪದೇ ಕಳಚುತ್ತಿದ್ದರೆ ಅದು ಸಡಿಲಾಗಿದೆ. ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಅರ್ಧ ಇಂಚು ಆಡಬೇಕು, ಹೆಚ್ಚು ಆಡಬಾರದು. ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ಸ್ವಲ್ಪ ಹಿಂದಕ್ಕೆಳೆದು, ಎರಡೂ ಬದಿಗೆ ಸಮನಾಗಿ ನಡುವೆ ನಿಲ್ಲಿಸಿ, ನಟ್ಟು ಬಿಗಿ ಮಾಡಿ.

5. ನಟ್ಟು, ಬೋಲ್ಟು. ಸೈಕಲ್ಲಿನ ಮುಂಭಾಗ ನಾಲ್ಕು ಬೆರಳು ಎತ್ತಿ ಬಿಡಿ. ಗಲಗಲ ಸದ್ದು ಬಂದರೆ ಎಲ್ಲೋ ಸಡಿಲಿದೆ. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುವಿ ನೋಡಿ. ಚಕ್ರ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ಬಿಗಿ ಮಾಡದೆ ಹತ್ತಬೇಡಿ. ಎರಡೂ ಚಕ್ರದ ನಟ್ಟು, ಸೀಟು, ಸ್ಟ್ಯಾಂಡು, ಮಡ್‌ಗಾರ್ಡ್, ಎಲ್ಲವನ್ನೂ ಮುಟ್ಟಿ ನೋಡಿ.

ಮಳೆಗಾಲಕ್ಕೆ ಇನ್ನೊಂದು ಮಾತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ನಿಂತರೆ ಬಲವಂತವಾಗಿ ತಳ್ಳಬೇಡಿ. ಕಟ್ಟಿಗೆಯಿಂದ ಕೆರೆದು ತೆಗೆಯಿರಿ. ಮನೆಗೆ ಬಂದು ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ.

ಎಲ್ಲವನ್ನೂ ನಾವೇ ಮಾಡಬೇಕೆಂದಿಲ್ಲ. ಚಕ್ರ ಡೊಂಕಾದರೆ, ಕಡ್ಡಿಗಳು ಮುರಿದರೆ, ಫ್ರೀವೀಲ್ ಜಾರಿದರೆ, ಪೆಡಲ್ ತುಳಿದಾಗಲೆಲ್ಲ ಟಕ್ ಟಕ್ ಎಂದು ಕಾಟರ್ ಪಿನ್ ಆಡಿದರೆ ಕೈ ಪಳಗಿದವರ ಹತ್ತಿರ ಒಯ್ಯಿರಿ. ಎಲ್ಲಿಯವರೆಗೆ ನಾವು, ಎಲ್ಲಿಂದ ಅಂಗಡಿ ಎಂದು ತಿಳಿಯುವುದೂ ಕಲಿಕೆಯೇ.

"ಇದೆಲ್ಲ ಈಗ ಯಾಕವ್ವ?"

ಈ ಮಾತನ್ನು ಊರಲ್ಲಿ ಹೇಳಿದಾಗ ನಾಲ್ಕು ಥರದ ಉತ್ತರ ಬಂದವು.

ಒಂದು: "ಹೆಣ್ಣುಮಕ್ಕಳಿಗೆ ಬಸ್ ಫ್ರೀ ಐತಲ್ಲ." ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಬಹಳ ಜನರಿಗೆ ಉಪಯೋಗವಾಗಿದೆ. ಆದರೆ ಟಿಕೆಟ್ ಫ್ರೀ ಆದರೆ ಸಾಲದು, ದೊಡ್ಡಿಗೆ ಬಸ್ ಬರಬೇಕು. ಬಂದರೂ ಗಂಟೆ ಒಂಬತ್ತರ ಶಾಲೆಗೆ, ಸಂಜೆಯ ಕ್ಲಾಸಿಗೆ ಹೊಂದಬೇಕು. ಬಸ್ಸು ಹೊರಡುವ ಹೊತ್ತನ್ನು ನಾವು ಹೇಳುವುದಿಲ್ಲ. ಸೈಕಲ್ ಹೊರಡುವ ಹೊತ್ತನ್ನು ನಾವೇ ಹೇಳುತ್ತೇವೆ.

ಎರಡು: "ಮನ್ಯಾಗ ಬೈಕ್ ಐತಿ." ಇದೆ, ಆದರೆ ಅದು ಬೆಳಗ್ಗೆ ಅಪ್ಪನ ಜತೆ ಹೊಲಕ್ಕೆ ಹೋಗುತ್ತದೆ. ಪೆಟ್ರೋಲ್ ಖರ್ಚು ಬೇರೆ. ಹದಿನೈದು ವರ್ಷದ ಹುಡುಗಿಗೆ ಲೈಸೆನ್ಸೂ ಸಿಗುವುದಿಲ್ಲ.

ಮೂರು: "ಹುಡುಗಿ ಕೈ ಕರ್ರಗ ಮಾಡ್ಕೊಂಡು ಕೂತ್ರ ನೋಡಿದವ್ರು ಏನಂತಾರ?" ನಮ್ಮ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಾರೆ, ಸಗಣಿ ಬಳಿಯುತ್ತಾರೆ, ಭತ್ತದ ಗದ್ದೆಯ ಕೆಸರಲ್ಲಿ ದಿನವಿಡೀ ಬಗ್ಗಿ ನಿಲ್ಲುತ್ತಾರೆ. ಆಗ ಕೊಳೆಯಾಗದ ಕೈ ಚೈನಿನ ಎಣ್ಣೆಗೆ ಮಾತ್ರ ಕೊಳೆಯಾಗುತ್ತದೆಯೇ?

ನಾಲ್ಕನೆಯದು ತೂಕದ ಮಾತು. ಒಬ್ಬ ಮೇಷ್ಟ್ರು ಹೇಳಿದರು: "ಸೈಕಲ್ ಕೊಡೂದು, ಬಸ್ ಬಿಡೂದು ಸರ್ಕಾರದ ಕೆಲಸ. ನೀವು ಮಕ್ಕಳಿಗೆ ರಿಪೇರಿ ಕಲಿಸಿ ಅಂದ್ರ, ಸರ್ಕಾರ ಕೈ ತೊಳಕೊಳ್ಳಾಕ ದಾರಿ ಆಗ್ತೈತಿ." ಈ ಮಾತಿಗೆ ನಾನು ಬಹಳ ಯೋಚಿಸಿದೆ. ಸೈಕಲ್ ಕೇಳುವುದನ್ನು ನಾವು ಬಿಡಬಾರದು, ಅದು ಸರಿ. ಆದರೆ ಕೇಳುವ ರೀತಿ ಬದಲಾಗಲಿ. ಸೈಕಲ್ಲಿನ ಜತೆ ಪಂಪು ಕೊಡಿ, ಪಾನಾ ಕೊಡಿ, ಕಲಿಸುವವರನ್ನು ಕೊಡಿ ಎಂದು ಕೇಳೋಣ. ಕೊಟ್ಟ ವಸ್ತು ಎರಡೇ ವರ್ಷಕ್ಕೆ ಮೂಲೆ ಸೇರಿದರೆ "ಕೊಟ್ಟರೂ ಬಳಸುವುದಿಲ್ಲ" ಎನ್ನಲು ಅವರಿಗೆ ಅನುಕೂಲ. ಓಡುವ ಸೈಕಲ್ಲುಗಳನ್ನು ತೋರಿಸಿ ಕೇಳುವ ಊರಿನ ಮಾತಿಗೆ ಬಲ ಹೆಚ್ಚು.

ಒಂದು ಡಬ್ಬಿ, ಒಂದು ಪಂಪು

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಒಂದು ಗಾಳಿ ಪಂಪು, ಬೇರೆ ಬೇರೆ ಅಳತೆಯ ಪಾನಾಗಳು, ಎರಡು ಟೈರ್ ಲಿವರ್, ಪ್ಯಾಚು, ಸೊಲ್ಯೂಷನ್, ವಾಲ್ ಟ್ಯೂಬ್, ಎಣ್ಣೆ. ಇಷ್ಟು ಒಂದು ತಗಡಿನ ಡಬ್ಬಿಯಲ್ಲಿ ಹಿಡಿಯುತ್ತದೆ. ಪ್ರತಿ ಮನೆಗೂ ಬೇಡ, ಹೈಸ್ಕೂಲಿಗೊಂದು ಸಾಕು. ಶಾಲೆಯ ಎಸ್‌ಡಿಎಂಸಿ ಅಥವಾ ಪಂಚಾಯಿತಿ ಮನಸ್ಸು ಮಾಡಿದರೆ ಒಂದು ಸಭೆಯಲ್ಲಿ ಆಗುವ ಕೆಲಸ. ರಜೆಯಲ್ಲಿ ಆ ಡಬ್ಬಿ ಊರಿನ ಗ್ರಂಥಾಲಯದಲ್ಲಿರಲಿ. ಪುಸ್ತಕ ಒಯ್ದ ಹಾಗೆ ಹೆಸರು ಬರೆಸಿ ಒಯ್ಯಲಿ, ತಂದುಕೊಡಲಿ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ತಾಸು. ಊರಲ್ಲಿ ಉಳಿದಿರುವ ಹಳೆಯ ಸೈಕಲ್ ಅಂಗಡಿಯವರನ್ನು ಕರೆಸಿ, ಗೌರವದಿಂದ ಕೂರಿಸಿ, ಅವರ ಕೂಲಿ ಕೊಟ್ಟು ಕಲಿಸಿರಿ. ಅವರ ಹೊಟ್ಟೆ ಮೇಲೆ ಹೊಡೆದಂತಾಗುತ್ತದೆ ಎಂಬ ಭಯ ಬೇಡ. ಓಡುವ ಸೈಕಲ್ ಹೆಚ್ಚಿದರೆ ದೊಡ್ಡ ರಿಪೇರಿ ಅವರಿಗೇ ಬರುತ್ತದೆ. ಗೋಡೆಗೆ ಒರಗಿದ ಸೈಕಲ್ಲಿನಿಂದ ಯಾರಿಗೂ ಒಂದು ರೂಪಾಯಿ ಹುಟ್ಟುವುದಿಲ್ಲ. ಕಲಿಸುವಾಗ ಪಾನಾ ಮೊದಲು ಹುಡುಗಿಯರ ಕೈಗೆ ಕೊಡಿ. ಇಲ್ಲದಿದ್ದರೆ ಹುಡುಗರು ಬಿಚ್ಚುತ್ತಾರೆ, ಹುಡುಗಿಯರು ಸುತ್ತ ನಿಂತು ನೋಡುತ್ತಾರೆ, ಹಳೆಯ ಕಟ್ಟೆಯ ಕಥೆ ಮತ್ತೆ ಶುರುವಾಗುತ್ತದೆ.

ಇದು ಆಗದ ಮಾತಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜತೆಗೇ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಕಂಡು ಬರೆದ ಬರಹ ನಮ್ಮಂಥ ಗ್ರಾಮೀಣ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇವತ್ತಿಗೂ ಪಾಠ. ಅಕ್ಷರ ಮತ್ತು ಸೈಕಲ್ ಎರಡೂ ಒಟ್ಟಿಗೆ ಹೋಗುತ್ತವೆ ಎಂದು ಅವರು ಮೂವತ್ತು ವರ್ಷದ ಹಿಂದೆಯೇ ತೋರಿಸಿದರು. ನಾವು ಅದಕ್ಕೆ ಒಂದು ಪಾನಾ ಸೇರಿಸಿದರೆ ಸಾಕು.

ಅಕ್ಕನ ಮಗಳು ಹತ್ತನೇ ತರಗತಿ ಪಾಸಾದಳು. ಗಣಿತದಲ್ಲಿ ಅಂಚಿನ ಅಂಕ. ಆ ತಪ್ಪಿಹೋದ ಮೊದಲ ಪೀರಿಯಡ್‌ಗಳು ಇದ್ದಿದ್ದರೆ ಇನ್ನಷ್ಟು ಬರುತ್ತಿತ್ತೇನೋ. ಈಗ ಅರಕೇರಾದಲ್ಲಿ ಪಿಯುಸಿ ಸೇರಿದ್ದಾಳೆ, ಅದೇ ಸೈಕಲ್ಲಿನಲ್ಲಿ ಹೋಗುತ್ತಾಳೆ. ಹೋದ ತಿಂಗಳು ದಾರಿಯಲ್ಲಿ ಪಂಕ್ಚರ್ ಆಯಿತಂತೆ. ಮನೆಯವರೆಗೆ ತಳ್ಳಿಕೊಂಡು ಬಂದು ತಾನೇ ಹಾಕಿದಳಂತೆ. "ಮೊದಲನೇ ಸಲ ಸೊಲ್ಯೂಷನ್ ಒಣಗಕ ಬಿಡ್ಲಿಲ್ಲ ಚಿಗವ್ವ, ಕಿತ್ತು ಬಂತು. ಎರಡನೇ ಸಲ ನಿಂತೈತಿ" ಎಂದು ಫೋನಿನಲ್ಲಿ ಹೇಳಿದಳು. ಭಾವ ಈಗ 'ಮುಂದ ನೋಡೂಣು' ಎನ್ನುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ.

ನಿಮ್ಮ ಅಂಗಳದಲ್ಲೂ ಒಂದು ಸೈಕಲ್ ಗೋಡೆಗೆ ಒರಗಿರಬಹುದು. ಈ ಭಾನುವಾರ ಮಗಳನ್ನು ಕರೆದುಕೊಂಡು ಅದರ ಹತ್ತಿರ ಹೋಗಿ. ಟೈರ್ ಒತ್ತಿ ನೋಡಿ, ಮೂತಿಗೆ ಒಂದು ಹನಿ ನೀರು ಬಿಡಿ. ಗುಳ್ಳೆ ಬಂದರೆ ಮಾಡಬೇಕಾದ ಕೆಲಸ ಯಾವುದು ಎಂದು ಈಗ ನಿಮಗೆ ಗೊತ್ತು.